ಬಿದ್ದ ವಿಮಾನವನ್ನು ನಂಬುವುದೆಂತು?

ಎತ್ತನ್ನು ಕೊಳ್ಳುವ ರೈತನು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲಿನ ಊನವನ್ನು ಕಂಡುಕೊಳ್ಳುತ್ತಾನೆ. ಹೊಳೆ ದಾಟುವವನು ಅಂಬಿಗನ ತೋಳನ್ನೂ ದೋಣಿಯ ತಳದಲ್ಲಿ ನಿಂತ ನೀರನ್ನೂ ಒಮ್ಮೆ ನೋಡದೆ ಕಾಲಿಡುವುದಿಲ್ಲ. ವಿಮಾನದ ಪ್ರಯಾಣಿಕನಿಗೆ ಈ ಭಾಗ್ಯವಿಲ್ಲ. ಚಾಲಕನ ಮುಖ ಅವನಿಗೆ ಕಾಣುವುದಿಲ್ಲ. ಯಂತ್ರದ ಒಡಲು ಕಂಡರೂ ಅರ್ಥವಾಗುವುದಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ತನ್ನ ಪ್ರಾಣವನ್ನು ಗುರುತು ಪರಿಚಯವಿಲ್ಲದವರ ಕೈಗೊಪ್ಪಿಸಿ, ಕೊಟ್ಟ ಕಾಫಿಯನ್ನು ಕುಡಿದು ಕಣ್ಣು ಮುಚ್ಚುತ್ತಾನೆ. ಇಷ್ಟು ದೊಡ್ಡ ನಂಬುಗೆಯನ್ನು ಮನುಷ್ಯನು ಇಷ್ಟು ಸುಲಭವಾಗಿ ಮತ್ತೆಲ್ಲಿಯೂ ತೋರುವುದಿಲ್ಲವೆಂದು ನನಗೆ ಅನೇಕ ವೇಳೆ ಅನ್ನಿಸಿದೆ.

ಒಂದೇ ಮಾದರಿಯ ವಿಮಾನಗಳು ಒಂದರ ಹಿಂದೊಂದು ಬಿದ್ದಾಗ ಮಾತ್ರ ಈ ನಂಬುಗೆ ಅಲುಗುತ್ತದೆ. ಬೋಯಿಂಗ್ 737 ಮ್ಯಾಕ್ಸ್ ಮಾದರಿಯ ಒಂದು ವಿಮಾನ 2018ರ ಅಕ್ಟೋಬರ್ 29ರಂದು ಇಂಡೊನೇಷ್ಯದ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. 2019ರ ಮಾರ್ಚ್ 10ರಂದು ಅದೇ ಮಾದರಿಯ ಇನ್ನೊಂದು ಇಥಿಯೋಪಿಯದ ನೆಲಕ್ಕೆ ಬಿದ್ದು 157 ಮಂದಿ ಸತ್ತರು. ಲೋಕವೆಲ್ಲ ಆ ಮಾದರಿಯನ್ನು ನೆಲಕ್ಕೆ ಕಟ್ಟಿಹಾಕಿತು. ಈಗ ಅದು ಮತ್ತೆ ಹಾರುತ್ತಿದೆ. ನಮ್ಮ ಬೆಂಗಳೂರಿನಿಂದಲೂ ಹಾರುತ್ತಿದೆ. ಪರಿಚಿತ ವಿದ್ಯಾರ್ಥಿಯೊಬ್ಬನು ಈಚೆಗೆ, "ಸಾರ್, ಟಿಕೆಟಿನ ವಿವರದಲ್ಲಿ 737-8 ಎಂದಿದೆ. ಮ್ಯಾಕ್ಸ್ ಎಂದರೆ ಅದೇ ಅಲ್ಲವೇ? ಹತ್ತಬಹುದೇ?" ಎಂದು ಕೇಳಿದ. ಅವನ ಊಹೆ ಸರಿ. ಮ್ಯಾಕ್ಸ್ 8ರ ಶಾಸ್ತ್ರೀಯ ನಾಮಧೇಯ ಅದೇ. ಆದರೆ ಅವನ ಪ್ರಶ್ನೆಗೆ ಹೌದು, ಅಲ್ಲ ಎಂಬ ಒಂದು ಮಾತಿನಲ್ಲಿ ಉತ್ತರಿಸುವುದು ಸುಲಭವಾಗಿರಲಿಲ್ಲ.

ಇಂಥ ಸಂದರ್ಭದಲ್ಲಿ ಲೆಕ್ಕವನ್ನು ನೋಡಿ ಎನ್ನುವವರುಂಟು. ಬರಿಯ ಲೆಕ್ಕ ಎಷ್ಟು ಮೋಸಗೊಳಿಸಬಲ್ಲುದೆಂಬುದಕ್ಕೆ ಕಾಂಕಾರ್ಡ್ ಸಾಕ್ಷಿ. 1976ರಲ್ಲಿ ಸೇವೆಗಿಳಿದ ಆ ವಿಮಾನ ಇಪ್ಪತ್ತನಾಲ್ಕು ವರ್ಷ ಒಬ್ಬ ಪ್ರಯಾಣಿಕನನ್ನೂ ಕೊಲ್ಲಲಿಲ್ಲ. 2000ದ ಜುಲೈ 25ರಂದು ಪ್ಯಾರಿಸಿನ ಬಳಿ ಒಂದು ಬಿದ್ದು 113 ಮಂದಿ ಸತ್ತೊಡನೆ, ಹಾರಾಟಗಳ ಸಂಖ್ಯೆ ತೀರ ಕಡಿಮೆಯಿದ್ದ ಕಾರಣ, ಲೆಕ್ಕದ ಪುಸ್ತಕದಲ್ಲಿ ಅದು ಸುರಕ್ಷಿತರ ಪಂಕ್ತಿಯಿಂದೆದ್ದು ಅಪಾಯಕಾರಿಗಳ ಪಂಕ್ತಿಯಲ್ಲಿ ಕುಳಿತಿತು. ಹಿಂದಿನ ದಿನಕ್ಕೂ ಮರುದಿನಕ್ಕೂ ನಡುವೆ ಯಂತ್ರವೇನೂ ಬದಲಾಗಿರಲಿಲ್ಲ.

ಆದುದರಿಂದ ನಾನು ಬೇರೊಂದು ಅಳತೆಯನ್ನು ಹಿಡಿದಿದ್ದೇನೆ. ಎಷ್ಟು ಬಿದ್ದವು ಎಂಬುದಕ್ಕಿಂತ, ಮೊದಲನೆಯ ಎಚ್ಚರಿಕೆಗೂ ಎರಡನೆಯ ದುರಂತಕ್ಕೂ ನಡುವಿನ ದಿನಗಳಲ್ಲಿ ಏನು ನಡೆಯಿತು ಎಂಬುದನ್ನು ನೋಡುತ್ತೇನೆ. ಮೊದಲನೆಯದು ಅಜ್ಞಾನದಿಂದ ಆಗಬಹುದು. ಎರಡನೆಯದಕ್ಕೆ ಅಜ್ಞಾನವೊಂದೇ ಸಾಲದು.

ಜೆಟ್ ಪ್ರಯಾಣದ ಆದಿಪುರುಷನಾದ ಕಾಮೆಟ್ಟಿನ ಕಥೆಯನ್ನೇ ತೆಗೆದುಕೊಳ್ಳಿ. 1952ರ ಮೇ 2ರಂದು ಅದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಹೊರಟಿತು. ಸರಿಯಾಗಿ ಒಂದು ವರ್ಷ ತುಂಬಿದ ದಿನ, ಕಲ್ಕತ್ತೆಯಿಂದ ಹೊರಟ ಕಾಮೆಟ್ ಒಂದು ಬಿರುಮಳೆಯಲ್ಲಿ ಮುರಿದು ಬಿದ್ದು 43 ಮಂದಿ ಸತ್ತರು. ಹೊಣೆಯನ್ನು ಬಿರುಗಾಳಿ ಹೊತ್ತಿತು. 1954ರ ಜನವರಿ 10ರಂದು ರೋಮಿನಿಂದ ಹೊರಟ ಇನ್ನೊಂದು, ಎಲ್ಬಾ ದ್ವೀಪದ ಬಳಿ ಸಮುದ್ರದ ಮೇಲೆ ಚೂರಾಯಿತು. ವಿಮಾನಗಳನ್ನು ನಿಲ್ಲಿಸಿದರು, ಕಾರಣ ತಿಳಿಯದಿದ್ದರೂ ಊಹೆಗೆ ತೋಚಿದ ತಿದ್ದುಪಡಿಗಳನ್ನೆಲ್ಲ ಮಾಡಿ ಮಾರ್ಚ್ 23ರಂದು ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ಮೂರನೆಯದು ನೇಪಲ್ಸಿನ ಬಳಿ ಬಿದ್ದಿತು.

ಆಮೇಲೆ ನಡೆದುದು ಮಾತ್ರ ಮೆಚ್ಚತಕ್ಕದ್ದು. ಬ್ರಿಟಿಷ್ ನೌಕಾಪಡೆ ಕಡಲ ತಳದಿಂದ ಚೂರುಗಳನ್ನು ಎತ್ತಿತು. ಫಾರ್ನ್‌ಬರೋ ಸಂಶೋಧನಾಲಯದಲ್ಲಿ ಒಂದು ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅದರ ಒಡಲಿಗೆ ಒತ್ತಡ ಕೊಟ್ಟು ಬಿಡುವುದನ್ನು ಹಗಲಿರುಳು ನಡೆಸಿದರು. ನಿಜವಾದ ಹಾರಾಟಗಳನ್ನೂ ತೊಟ್ಟಿಯ ಹಾರಾಟಗಳನ್ನೂ ಕೂಡಿಸಿ 3,057ಕ್ಕೆ ಲೆಕ್ಕ ಬಂದಾಗ ಒಡಲು ಬಿರಿಯಿತು. ಬಾಗಿಲು ಕಿಟಕಿಗಳಿಗೆಂದು ತೆರೆದ ಕಂಡಿಗಳ ಮೂಲೆಯಲ್ಲಿ ಲೋಹ ದಣಿದಿತ್ತು. ಲೋಹಕ್ಕೂ ದಣಿವುಂಟೆಂಬುದು ಶಾಸ್ತ್ರಜ್ಞರಿಗೆ ಹೊಸತಲ್ಲ. ಆದರೆ ಅದು ಇಷ್ಟು ಬೇಗ ಬರುವುದೆಂದು ಎಣಿಸಿರಲಿಲ್ಲ. ಕಂಡುಕೊಂಡುದನ್ನು ಬಚ್ಚಿಡಲಿಲ್ಲ, ಜಗತ್ತಿನ ಮುಂದಿಟ್ಟರು. ಪ್ರತಿಸ್ಪರ್ಧಿಗಳೂ ಅದರಿಂದ ಕಲಿತರು. 1958ರ ಅಕ್ಟೋಬರಿನಲ್ಲಿ ಹೊಸ ಕಾಮೆಟ್ ಅಟ್ಲಾಂಟಿಕ್ ದಾಟಿತು. ಅದೇ ತಿಂಗಳು ಬೋಯಿಂಗ್ 707 ಕೂಡ ದಾಟಿ, ಮಾರುಕಟ್ಟೆಯನ್ನು ಕೊಂಡೊಯ್ದಿತು. ಸತ್ಯ ಹೇಳಿದವನಿಗೆ ಲಾಭವೂ ದಕ್ಕಬೇಕೆಂಬ ನಿಯಮ ಎಲ್ಲಿದೆ?

ಡಿಸಿ-10ರದು ಇದಕ್ಕಿಂತ ಕಹಿಯಾದ ಕಥೆ. 1972ರ ಜೂನ್ 12ರಂದು ಕೆನಡಾದ ವಿಂಡ್ಸರ್ ಮೇಲೆ ಹಾರುತ್ತಿದ್ದ ಒಂದು ಡಿಸಿ-10ರ ಸರಕಿನ ಬಾಗಿಲು ಕಿತ್ತುಹೋಯಿತು. ಒಳಗಿನ ಗಾಳಿ ಹೊರನುಗ್ಗಿದ ರಭಸಕ್ಕೆ ಪ್ರಯಾಣಿಕರ ಕಾಲಡಿಯ ನೆಲ ಕುಸಿದು, ಅದರಡಿ ಹಾದುಹೋಗುವ ನಿಯಂತ್ರಣದ ತಂತಿಗಳಿಗೆ ಪೆಟ್ಟಾಯಿತು. ಚಾಲಕರ ಕೈಚಳಕದಿಂದ ಎಲ್ಲರೂ ಬದುಕಿದರು. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆಯನ್ನು ದೇವರೂ ಕೊಡಲಾರ. ಒಡಲನ್ನು ಕಟ್ಟಿದ ಉಪಸಂಸ್ಥೆಯ ಎಂಜಿನಿಯರೊಬ್ಬರು, ಈ ಬಾಗಿಲು ಮುಂದೆಯೂ ತೆರೆದುಕೊಳ್ಳುವುದು, ವಿಮಾನ ನಷ್ಟವಾಗುವುದು ಎಂದು ತಮ್ಮ ಮೇಲಿನವರಿಗೆ ಬರೆದೇ ಬರೆದರು. ಅಮೆರಿಕದ ವಿಮಾನಯಾನ ಇಲಾಖೆ ಕಡ್ಡಾಯದ ಆಜ್ಞೆ ಹೊರಡಿಸಬೇಕಿತ್ತು. ಅದರ ಬದಲು ಕಂಪನಿಯೊಡನೆ ದೊಡ್ಡಮನುಷ್ಯರ ಬಾಯಿಮಾತಿನ ಒಪ್ಪಂದ ನಡೆಯಿತು. 1974ರ ಮಾರ್ಚ್ 3ರಂದು ಪ್ಯಾರಿಸಿನ ಹೊರವಲಯದಲ್ಲಿ ಅದೇ ಬಾಗಿಲು ಮತ್ತೆ ಕಿತ್ತಿತು. ಈ ಸಲ 346 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ವಿಮಾನದ ಕಾಗದಪತ್ರಗಳಲ್ಲಿ ಬಾಗಿಲಿನ ತಿದ್ದುಪಡಿ ಮುಗಿದಿದೆಯೆಂದು ದಾಖಲಾಗಿತ್ತು, ಬಾಗಿಲಿನಲ್ಲಿ ಮುಗಿದಿರಲಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ನಿಜವಾದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮ್ಯಾಕ್ಸ್‌ನ ಎರಡು ದುರಂತಗಳಲ್ಲಿ ಸತ್ತವರೂ ಕೂಡಿ 346. ಸಂಖ್ಯೆಯ ಸಾಮ್ಯ ಆಕಸ್ಮಿಕ. ನಡತೆಯ ಸಾಮ್ಯ ಆಕಸ್ಮಿಕವಲ್ಲ. ಹಳೆಯ ಮೈಗೆ ದೊಡ್ಡ ಎಂಜಿನುಗಳನ್ನು ಮುಂದಕ್ಕೂ ಮೇಲಕ್ಕೂ ಸರಿಸಿ ಕೂರಿಸಿದುದರಿಂದ ಕೆಲವು ಸ್ಥಿತಿಗಳಲ್ಲಿ ಮೂಗು ಮೇಲೇಳುವ ಸ್ವಭಾವ ಬಂದಿತು. ಅದನ್ನು ತಗ್ಗಿಸಲು ಎಂಕ್ಯಾಸ್ ಎಂಬ ಗಣಕವ್ಯವಸ್ಥೆಯನ್ನು ಇಟ್ಟರು. ಅದು ನಂಬಿದ್ದುದು ಹೊರಮೈಯ ಒಂದೇ ಒಂದು ಸಂವೇದಕವನ್ನು. ಆ ಒಂದು ಸುಳ್ಳು ಹೇಳಿದರೆ ವಿಮಾನ ತಾನಾಗಿ ಮತ್ತೆ ಮತ್ತೆ ಮೂಗು ತಗ್ಗಿಸುತ್ತಿತ್ತು. ಇಂಥದೊಂದು ಇದೆಯೆಂದು ಚಾಲಕರ ಕೈಪಿಡಿಯಲ್ಲಿ ಬರೆದಿರಲಿಲ್ಲ. ಮೊದಲನೆಯದು ಬಿದ್ದ ಮೇಲೆ ಅಮೆರಿಕದ ಇಲಾಖೆಯೇ ಲೆಕ್ಕ ಹಾಕಿ, ಸರಿಪಡಿಸದಿದ್ದರೆ ಆ ಮಾದರಿಯ ಆಯುಷ್ಯದಲ್ಲಿ ಇನ್ನೂ ಸುಮಾರು 15 ಪ್ರಾಣಾಂತಕ ಅಪಘಾತಗಳಾಗಬಹುದೆಂದು ಅಂದಾಜು ಮಾಡಿತು. ಚಾಲಕರಿಗೆ ಎಚ್ಚರಿಕೆಯ ಓಲೆ ಹೋಯಿತು. ವಿಮಾನಗಳು ಹಾರುತ್ತಲೇ ಇದ್ದವು. ನಾಲ್ಕೂವರೆ ತಿಂಗಳೊಳಗೆ ಎರಡನೆಯದು ಬಿದ್ದಿತು.

ಇದೆಲ್ಲ ದೂರದೇಶದ ಮಾತೆನ್ನುವವರು ನಮ್ಮ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣವನ್ನು ನೆನೆಯಬೇಕು. 1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ320, ಓಡುದಾರಿಯನ್ನು ಮುಟ್ಟದೆ ಈಚೆಯ ಗಾಲ್ಫ್ ಮೈದಾನಕ್ಕೆ ಬಿದ್ದಿತು. 146 ಮಂದಿಯಲ್ಲಿ 92 ಮಂದಿ ಸತ್ತರು. ಮಾದರಿ ಹೊಚ್ಚಹೊಸದು, ಹಗ್ಗ ರಾಟೆಗಳ ಬದಲು ವಿದ್ಯುತ್ ಸಂಕೇತಗಳಿಂದ ನಡೆಯುವಂಥದು. ಅದಕ್ಕೆ ಮುನ್ನ 1988ರಲ್ಲಿ ಫ್ರಾನ್ಸಿನಲ್ಲಿ, ಪ್ರದರ್ಶನದ ಹಾರಾಟದಲ್ಲಿಯೇ ಒಂದು ಬಿದ್ದಿತ್ತು. ಗಣಕವನ್ನು ನಂಬಿ ಆಕಾಶಕ್ಕೇರುವುದುಂಟೇ ಎಂಬುದು ಅಂದು ಎಲ್ಲರ ಬಾಯಲ್ಲಿದ್ದ ಮಾತು. ಸರ್ಕಾರ ಕಾಯಲಿಲ್ಲ, ಇಂಡಿಯನ್ ಏರ್‌ಲೈನ್ಸಿನ ಎ320ಗಳನ್ನೆಲ್ಲ ನಿಲ್ಲಿಸಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ಇಳಿಯುವಾಗ ಎಂಜಿನುಗಳು ಕನಿಷ್ಠ ಶಕ್ತಿಯಲ್ಲಿ ಉಳಿದಿದ್ದವು. 132 ನಾಟ್ ಇರಬೇಕಾದ ವೇಗ 106ಕ್ಕೆ ಕುಸಿದಿತ್ತು. ಚಾಲಕರು ಅದನ್ನು ಸಕಾಲದಲ್ಲಿ ಗಮನಿಸಿರಲಿಲ್ಲ. ಇಳಿಯುವ ವೇಗವನ್ನು ತಿರುಗಿಸಲು ಹೋಗಿ ಪಕ್ಕದಲ್ಲಿದ್ದ ಎತ್ತರದ ಗುಂಡಿಯನ್ನು ತಿರುಗಿಸಿರಬಹುದೆಂಬ ಊಹೆಯೂ ಬಂದಿತು. ತಪ್ಪು ಮನುಷ್ಯನದೇ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಕ್ಕಪಕ್ಕದ ಎರಡು ಗುಂಡಿಗಳಲ್ಲಿ ಒಂದು ಬದುಕಿಸಿ ಇನ್ನೊಂದು ಕೊಲ್ಲುವಂತಿದ್ದರೆ, ಅವುಗಳನ್ನು ಅಲ್ಲಿಟ್ಟ ಕೈಯನ್ನೂ ಕೇಳಬೇಡವೇ?

ಕೇಳುವುದು ಸಾಕಷ್ಟು ನಡೆಯಲಿಲ್ಲವೆಂದೇ ನನ್ನ ಎಣಿಕೆ. 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. 3.3 ಡಿಗ್ರಿಯ ಇಳಿಜಾರೆಂದು ಭಾವಿಸಿ ಕೊಟ್ಟ ಅಂಕಿಯನ್ನು ಯಂತ್ರ ನಿಮಿಷಕ್ಕೆ 3,300 ಅಡಿ ಎಂದು ತಿಳಿದಿರಬಹುದೆಂಬುದು ಅಲ್ಲಿನ ತನಿಖೆಯ ಮುಖ್ಯ ಶಂಕೆ. ಎರಡೂ ಫಲಕದಲ್ಲಿ 33ರಂತೆಯೇ ಕಾಣುತ್ತಿದ್ದವು. ಆ ಮೇಲೆ ಇಳಿಯುವ ವೇಗವನ್ನು ನಾಲ್ಕು ಅಂಕಿಗಳಲ್ಲಿ ತೋರಿಸುವಂತೆ ಫಲಕವನ್ನು ಬದಲಿಸಿದರು. ಇಂದು ನಮ್ಮ ದೇಶದೊಳಗೆ ಹಾರುವವರಲ್ಲಿ ಬಹುಮಂದಿ ಈ ಎ320ರ ವಂಶದ ವಿಮಾನಗಳಲ್ಲಿಯೇ, ಹೆಸರನ್ನೂ ಕೇಳದೆ ಹಾರುತ್ತಾರೆ. 2025ರ ಅಕ್ಟೋಬರ್ 30ರಂದು ಅಮೆರಿಕಕ್ಕೆ ಹೋಗುತ್ತಿದ್ದ ಅಂಥದೊಂದು ವಿಮಾನ ಹಠಾತ್ತನೆ ಮೂಗು ತಗ್ಗಿಸಿ ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಸೂರ್ಯನ ತೀವ್ರ ವಿಕಿರಣ ನಿಯಂತ್ರಣ ಗಣಕದ ಮಾಹಿತಿಯನ್ನು ಕೆಡಿಸಬಲ್ಲದೆಂದು ಕಂಡುಬಂದೊಡನೆ, ನವೆಂಬರ್ 28ರಂದು ಸುಮಾರು 6,000 ವಿಮಾನಗಳನ್ನು ಸರಿಪಡಿಸುವಂತೆ ಕಂಪನಿ ತಿಳಿಸಿತು. ಪ್ರಯಾಣಿಕರು ನಿಲ್ದಾಣಗಳಲ್ಲಿ ಗೊಣಗಿದರು. ಆ ಗೊಣಗಾಟ ನನ್ನ ಕಿವಿಗೆ ಹಿತವಾಗಿಯೇ ಕೇಳಿಸಿತು.

ಆ ವಿದ್ಯಾರ್ಥಿಗೆ ನಾನು ಹತ್ತಬಹುದೆಂದೇ ಹೇಳಿದೆ. ಇಪ್ಪತ್ತು ತಿಂಗಳು ನೆಲದ ಮೇಲೆ ನಿಲ್ಲಿಸಿ ಹಲವು ದೇಶದವರು ಅಗೆದು ನೋಡಿದ ಎಂಕ್ಯಾಸ್ ಈಗ ಎರಡು ಸಂವೇದಕಗಳನ್ನು ಹೋಲಿಸಿ ನೋಡುತ್ತದೆ. ಚಾಲಕನ ಬಲವನ್ನು ಮೀರಿ ಮೂಗು ತಗ್ಗಿಸಲಾರದು. ಚಾಲಕರಿಗೆ ಅದರ ಹೆಸರೂ ಹುರುಳೂ ಗೊತ್ತು, ಅಭ್ಯಾಸವೂ ಆಗಿದೆ. ಆ ಒಂದು ದೋಷದ ಮಟ್ಟಿಗೆ ಅಷ್ಟು ಪರೀಕ್ಷೆಗೊಳಗಾದ ವಿಮಾನ ಬೇರೆ ಇರಲಾರದು. ಆದರೆ ಮಾದರಿಯನ್ನು ನಂಬುವುದು ಬೇರೆ, ಅದನ್ನು ಕಟ್ಟುವ ಕಾರ್ಖಾನೆಯನ್ನು ನಂಬುವುದು ಬೇರೆ ಎಂಬ ಮಾತನ್ನೂ ಅವನಿಗೆ ಹೇಳಬೇಕಾಯಿತು. 2024ರ ಜನವರಿ 5ರಂದು, ಕಾರ್ಖಾನೆಯಿಂದ ಬಂದು ಕೆಲವೇ ತಿಂಗಳಾಗಿದ್ದ ಮ್ಯಾಕ್ಸ್ 9 ಒಂದರಿಂದ, ಸುಮಾರು 16,000 ಅಡಿ ಎತ್ತರದಲ್ಲಿ, ಬಾಗಿಲಿನ ಕಂಡಿಯನ್ನು ಮುಚ್ಚಿದ್ದ ಫಲಕ ಹಾರಿಹೋಯಿತು. ಅದನ್ನು ಹಿಡಿದಿರಬೇಕಾಗಿದ್ದ ನಾಲ್ಕು ಬೋಲ್ಟುಗಳನ್ನು ಕಾರ್ಖಾನೆಯಲ್ಲಿ ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಯಾರೂ ಸಾಯಲಿಲ್ಲ. ಈ ಬಾರಿ ಅಮೆರಿಕದ ಇಲಾಖೆ ಎರಡನೆಯದಕ್ಕಾಗಿ ಕಾಯದೆ, ಮರುದಿನವೇ ಅಂಥ 171 ವಿಮಾನಗಳನ್ನು ನೆಲಕ್ಕಿಳಿಸಿತು. ಪರೀಕ್ಷಿಸಿದಾಗ ಬೇರೆ ವಿಮಾನಗಳಲ್ಲಿಯೂ ಸಡಿಲವಾದ ಬೋಲ್ಟುಗಳು ಸಿಕ್ಕವು.