ಮೇಣದಲ್ಲಿ ಉಳಿದ ಪಾರಾಯಣ: ದೋಷ ಓದಿದವರದೋ, ಯಂತ್ರದ್ದೋ?

'1885ರಲ್ಲಿ ಮಕ್ಕಾದಲ್ಲಿ ದಾಖಲಿಸಿದ ಕುರ್‌ಆನ್ ಪಾರಾಯಣ' ಎಂಬ ಒಕ್ಕಣೆಯೊಂದಿಗೆ ಸೂರಃ ಅದ್ದುಹಾದ ಒಂದು ಹಳೆಯ ಧ್ವನಿಮುದ್ರಣ ಮೊಬೈಲ್‌ಗಳಲ್ಲಿ ಆಗಾಗ ಹರಿದಾಡುತ್ತಿರುತ್ತದೆ. ಕರಕರ ಸದ್ದಿನ ನಡುವಿನಿಂದ, ಬಾವಿಯ ಆಳದಿಂದ ಬಂದಂತೆ ಆ ಸ್ವರ ಕೇಳಿಸುತ್ತದೆ. ಕೇಳಿದ ಕೆಲವರ ಕಣ್ಣು ತೇವಗೊಳ್ಳುತ್ತದೆ. ಇನ್ನು ಕೆಲವರು, "ಆ ಕಾಲದವರ ಉಚ್ಚಾರವೇ ಸರಿಯಿಲ್ಲವಲ್ಲ" ಎಂದುಬಿಡುತ್ತಾರೆ. ಹಾಗೆ ತೀರ್ಪು ನೀಡುವ ಮುನ್ನ ಆ ಸ್ವರವನ್ನು ಹಿಡಿದಿಟ್ಟ ಯಂತ್ರ ಯಾವುದು, ಅದು ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಅರಿತುಕೊಳ್ಳುವುದು ಅಗತ್ಯ.

ಮೊದಲು ಇಸವಿಯ ವಿಚಾರ. ಡಚ್ ವಿದ್ವಾಂಸ ಸ್ನೂಕ್ ಹುರ್‌ಗ್ರೋನ್ಯೆ 1885ರಲ್ಲಿ ಮಕ್ಕಾದಲ್ಲಿದ್ದದ್ದು ನಿಜ. ಆದರೆ ಅದೇ ವರ್ಷ ಅವರು ಅಲ್ಲಿಂದ ಹೊರಹೋಗಬೇಕಾಯಿತು. ಥಾಮಸ್ ಎಡಿಸನ್ 1877ರಲ್ಲಿ ಮಾಡಿದ ಮೊದಲ ಫೋನೋಗ್ರಾಫ್‌ನಲ್ಲಿ ಇದ್ದದ್ದು ತವರದ ತೆಳು ಹಾಳೆ. ಅದರ ಮೇಲಿನ ಧ್ವನಿ ಕೆಲವೇ ಬಾರಿ ನುಡಿಸುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಮೇಣದ ಸಿಲಿಂಡರ್ ಬಳಸುವ ಸುಧಾರಿತ ಯಂತ್ರವನ್ನು ಅವರು ಹೊರತಂದದ್ದು 1888ರಲ್ಲಿ. ಜಿದ್ದಾ ಮತ್ತು ಮಕ್ಕಾದಲ್ಲಿ ಸ್ನೂಕ್‌ಗಾಗಿ ಮೇಣದ ಸಿಲಿಂಡರ್‌ಗಳ ಮೇಲೆ ಧ್ವನಿ ದಾಖಲಿಸಿದ್ದು 1906ರಿಂದ 1909ರ ಅವಧಿಯಲ್ಲಿ. ಪಾರಾಯಣ, ಹಾಡು, ಕವಿತೆಗಳನ್ನೊಳಗೊಂಡ ಆ ಸಂಗ್ರಹ ಇಂದು ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದೆ. ಅಂದರೆ ಒಕ್ಕಣೆಯಲ್ಲೇ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ತಪ್ಪಿದೆ.

ಯಂತ್ರ ಕೆಲಸ ಮಾಡುವ ಬಗೆ

ನಮ್ಮ ಹಿರಿಯರ ಮನೆಗಳಲ್ಲಿದ್ದ ಗ್ರಾಮಫೋನ್ ತಟ್ಟೆಯದು. ಫೋನೋಗ್ರಾಫ್ ಅದಕ್ಕಿಂತ ಹಳೆಯದು. ಇದರಲ್ಲಿ ಸುಮಾರು ನಾಲ್ಕೂಕಾಲು ಇಂಚು ಉದ್ದದ, ಲೋಟದಂತೆ ದುಂಡಗಿನ ಮೇಣದ ಕೊಳವೆ ತಿರುಗುತ್ತದೆ. ಅದರ ಮೈಮೇಲೆ ಇಂಚಿಗೆ 100ರಂತೆ ಸುತ್ತುಗೆರೆಗಳು. 1908ರಲ್ಲಿ ಬಂದ ನಾಲ್ಕು ನಿಮಿಷದ ಸಿಲಿಂಡರ್‌ಗಳಲ್ಲಿ ಇಂಚಿಗೆ 200. ಗೆರೆಯ ತಳ ಮೇಲೆ ಕೆಳಗೆ ಏರಿಳಿಯುತ್ತಿರುತ್ತದೆ. ನಯವಾದ ಸಫೈರ್ ಮೊನೆ ಆ ಏರಿಳಿತವನ್ನು ಸವರುತ್ತಾ ತೆಳುವಾದ ಪೊರೆಯೊಂದನ್ನು ಕಂಪಿಸುತ್ತದೆ. ಪೊರೆಯ ಕಂಪನ ಕೊಂಬಿನ ಮೂಲಕ ಹೊರಬರುತ್ತದೆ. ವಿದ್ಯುತ್ತಿನ ಸಂಬಂಧವೇ ಇಲ್ಲ. ಕೀಲಿ ಕೊಟ್ಟ ಸ್ಪ್ರಿಂಗ್‌ನ ಬಲ ಮಾತ್ರ.

ದೋಷ ಹುಡುಕುವ ಕ್ರಮ

ಧ್ವನಿ ಕೆಟ್ಟಾಗ ಮೊದಲು ಸಿಲಿಂಡರನ್ನು ತೆಗೆದಿಟ್ಟು ಯಂತ್ರವನ್ನಷ್ಟೇ ಓಡಿಸಿ ನೋಡಬೇಕು.

ಸ್ವರ ತೆಳ್ಳಗಾಗಿ ಮಗುವಿನ ದನಿಯಂತೆ ಕೇಳಿಸಿದರೆ ವೇಗ ಹೆಚ್ಚಾಗಿದೆ, ಗೊಗ್ಗರಾದರೆ ಕಡಿಮೆಯಾಗಿದೆ ಎಂದರ್ಥ. 1902ರ ನಂತರ ಅಚ್ಚು ಹಾಕಿ ಮಾರಿದ ಎಡಿಸನ್ ಸಿಲಿಂಡರ್‌ಗಳ ವೇಗ ನಿಮಿಷಕ್ಕೆ 160 ಸುತ್ತು. ಇದನ್ನು ಅಳೆಯಲು ಗಡಿಯಾರ ಮತ್ತು ಮಕ್ಕಳ ಸ್ಕೇಲು ಸಾಕು. ಎರಡು ನಿಮಿಷದ ಸಿಲಿಂಡರ್‌ನ ಯಂತ್ರದಲ್ಲಿ ಮೊನೆಯನ್ನು ಹೊತ್ತ ಭಾಗ ಒಂದು ನಿಮಿಷಕ್ಕೆ 1.6 ಇಂಚು, ಅಂದರೆ ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು, ಸರಿಯಬೇಕು. ಹೆಚ್ಚು ಕಡಿಮೆಯಿದ್ದರೆ ವೇಗದ ತಿರುಪನ್ನು ನಿಧಾನವಾಗಿ ತಿರುಗಿಸಿ ಸರಿಪಡಿಸಬಹುದು.

ಸ್ವರ ಅಲೆಅಲೆಯಾಗಿ ಓಲಾಡಿದರೆ ಬೆಲ್ಟ್ ಜಾರುತ್ತಿರಬಹುದು, ಇಲ್ಲವೇ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಒಣಗಿರಬಹುದು. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಒಂದೆರಡು ಹನಿ ತಿರುಗುವ ಕೀಲುಗಳಿಗೆ ಸಾಕು. ತೆಂಗಿನೆಣ್ಣೆ ಬೇಡ, ಅದು ಕಾಲಕ್ರಮೇಣ ಅಂಟಾಗುತ್ತದೆ. ಒಳಗೆ ಧಡ್ ಎಂದು ಸದ್ದಾಗುತ್ತಿದ್ದರೆ ಸ್ಪ್ರಿಂಗ್‌ನ ಗ್ರೀಸ್ ಗಟ್ಟಿಯಾಗಿದೆ. ಅದನ್ನು ಮನೆಯಲ್ಲಿ ಬಿಚ್ಚಬಾರದು. ಬಿಗಿದ ಸ್ಪ್ರಿಂಗ್ ಚಿಮ್ಮಿದರೆ ಕೈ ಸೀಳಬಹುದು. ಬಲ್ಲವರಿಗೆ ಒಪ್ಪಿಸಿ.

ಧ್ವನಿ ಕ್ಷೀಣವಾಗಿದ್ದರೆ ಅಥವಾ ಒಡೆದ ಪಾತ್ರೆಯಂತೆ ಜರಜರ ಎನ್ನುತ್ತಿದ್ದರೆ ಪೊರೆಯ ಸುತ್ತಲಿನ ರಬ್ಬರ್ ಉಂಗುರಗಳನ್ನು ಪರೀಕ್ಷಿಸಬೇಕು. ನೂರು ವರ್ಷದಲ್ಲಿ ರಬ್ಬರ್ ಕಲ್ಲಾಗಿಬಿಡುತ್ತದೆ. ಕೊಂಬನ್ನು ಜೋಡಿಸುವ ರಬ್ಬರ್ ತುಂಡು ಬಿರುಕುಬಿಟ್ಟಿದ್ದರೂ ಸದ್ದು ಅಲ್ಲಿಂದಲೇ ಸೋರಿಹೋಗುತ್ತದೆ.

ಒಂದೇ ಮಾತು ಮತ್ತೆ ಮತ್ತೆ ಬಂದರೆ ಮೊನೆಯನ್ನು ಮುಂದೆ ಸಾಗಿಸುವ ಉದ್ದನೆಯ ತಿರುಪಿನಲ್ಲಿ ಕೊಳೆ ಕೂತಿರಬಹುದು, ಅಥವಾ ತೂಗುಹಾಕಿದ ಕೊಂಬು ಒಂದು ಕಡೆಗೆ ಎಳೆಯುತ್ತಿರಬಹುದು.

ಇಷ್ಟೆಲ್ಲ ಸರಿಯಿದ್ದ ಮೇಲೆ ಸಿಲಿಂಡರಿನ ಸರದಿ. ಒಳಗೆ ಎರಡು ಬೆರಳು ತೂರಿಸಿ ಅಗಲಿಸಿ ಎತ್ತಬೇಕು, ಹೊರಮೈ ಮುಟ್ಟಬಾರದು. ಅಂಗೈಯ ಬಿಸಿಗೇ ತಣ್ಣನೆಯ ಮೇಣ ಬಿರುಕು ಬಿಡಬಹುದು. ಬಿಳಿಯ ಮಚ್ಚೆಗಳಿದ್ದರೆ ಅದು ಬೂಷ್ಟು. ಮೇಣವನ್ನೇ ತಿಂದಿರುವುದರಿಂದ ಆ ಜಾಗದ ಕರಕರ ಹೋಗುವುದಿಲ್ಲ. ಒದ್ದೆ ಬಟ್ಟೆ, ಸ್ಪಿರಿಟ್ ಬೇಡ. ಮೃದುವಾದ ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಎಡಿಸನ್ ಕಂಪೆನಿ 1912ರಿಂದ ಹೊರತಂದ ನೀಲಿ ಸಿಲಿಂಡರ್‌ಗಳು ಸೆಲ್ಯುಲಾಯ್ಡ್‌ನವು, ಅವುಗಳಿಗೆ ವಜ್ರದ ಮೊನೆಯಿದೆ. ಆ ಮೊನೆಯನ್ನು ಮೇಣದ ಮೇಲೆ ಇಟ್ಟರೆ ಗೆರೆಯೇ ಕೆತ್ತಿಹೋಗುತ್ತದೆ.

ತಜ್ವೀದ್ ದೃಷ್ಟಿಯಿಂದ

ಈಗ ಮಕ್ಕಾದ ಆ ಪಾರಾಯಣಕ್ಕೆ ಮರಳೋಣ. ತಜ್ವೀದ್ ಕಲಿತವರಿಗೆ ಮದ್ದ್‌ನ ಅಳತೆ ಗೊತ್ತು. ಯಂತ್ರದ ವೇಗ ಉದ್ದಕ್ಕೂ ಸಮನಾಗಿ ಹೆಚ್ಚಾಗಿದ್ದರೆ ಎಲ್ಲ ಅಕ್ಷರಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಎರಡು ಹರಕತ್‌ನ ಮದ್ದ್‌ಗೂ ನಾಲ್ಕು ಹರಕತ್‌ನದಕ್ಕೂ ಇರುವ ಅನುಪಾತ ಕೆಡುವುದಿಲ್ಲ. ಸ್ವರ ಮಾತ್ರ ಬದಲಾಗುತ್ತದೆ. ಆದರೆ ವೇಗ ಓಲಾಡಿದರೆ ಒಂದು ಮದ್ದ್ ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಕೇಳುವವರಿಗೆ ಖಾರಿಯೇ ತಪ್ಪಿದಂತೆ ತೋರುತ್ತದೆ.

ಇನ್ನೊಂದು ಸಂಗತಿಯಿದೆ. ಕೊಂಬಿಗೆ ಬಾಯಿಟ್ಟು ದಾಖಲಿಸುತ್ತಿದ್ದ ಆ ಯಂತ್ರಗಳು ತೀಕ್ಷ್ಣವಾದ ಸೀಟಿಯಂಥ ಧ್ವನಿಗಳನ್ನು ಹಿಡಿಯುತ್ತಲೇ ಇರಲಿಲ್ಲ. ಸೀನ್, ಸ್ವಾದ್‌ಗಳ ವ್ಯತ್ಯಾಸ ಮಾಸಿದಂತೆ ಕೇಳಿಸಿದರೆ ಅದು ಖಾರಿಯ ಮಖ್‌ರಜ್‌ನ ದೋಷವೆನ್ನಲು ಆಧಾರವಿಲ್ಲ. ಮೇಣದ ಮೇಲೆ ಅದು ಬಿದ್ದೇ ಇಲ್ಲದಿರಬಹುದು. ಅಲ್ಲದೆ ಯಂತ್ರವನ್ನು ಒಯ್ದು ಅಲ್ಲಲ್ಲಿ ದಾಖಲಿಸಿದ ಸಿಲಿಂಡರ್‌ಗಳಿಗೆ 160ರ ಲೆಕ್ಕ ಯಾವಾಗಲೂ ಹೊಂದುವುದಿಲ್ಲ. ಆದ್ದರಿಂದಲೇ ಕೆಲವು ಸಂಶೋಧಕರು ದಾಖಲೆಯ ಆರಂಭದಲ್ಲಿ ನಿಗದಿತ ಸ್ವರದ ಪೀಪಿಯೊಂದನ್ನು ಊದಿ ಗುರುತು ಇಡುತ್ತಿದ್ದರು.

ಹೀಗೆ ದಾಖಲಿಸಿದ ಸಿಲಿಂಡರ್‌ಗಳಲ್ಲಿ ಅನೇಕವು ಜಗತ್ತಿಗೆಲ್ಲ ಒಂದೇ ಪ್ರತಿ. ಒಂದೊಂದು ಬಾರಿ ನುಡಿಸಿದಾಗಲೂ ಮೇಣ ಸವೆಯುತ್ತದೆ. ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ಗೆರೆಗಳನ್ನು ಮುಟ್ಟದೆ, ಬೆಳಕಿನಿಂದ ಚಿತ್ರ ತೆಗೆದು ಧ್ವನಿಯನ್ನು ಮರಳಿ ಪಡೆಯುವ ವಿಧಾನವನ್ನು ರೂಪಿಸಿದ್ದಾರೆ. ಒಡೆದ ಸಿಲಿಂಡರ್‌ಗಳಿಗೂ ಇದರಿಂದ ದನಿ ಬಂದಿದೆ.

ಪರಿಶೀಲನೆಯೇ ಅದಬ್

ಸುದ್ದಿ ಬಂದಾಗ ಪರಿಶೀಲಿಸಿರಿ, ಅರಿಯದೆ ಯಾರಿಗೂ ಹಾನಿ ಮಾಡದಿರಿ ಎಂಬುದು ಸೂರಃ ಅಲ್ ಹುಜುರಾತ್‌ನ ಬೋಧನೆ. ನೂರು ವರ್ಷಗಳ ಹಿಂದೆ ಕೊಂಬಿನ ಮುಂದೆ ಕುಳಿತು ಓದಿದ ಆ ಖಾರಿ ಇಂದು ತನ್ನ ಪರವಾಗಿ ಉತ್ತರಿಸಲಾರರು. ಕಿವಿಗೆ ಕೇಳಿಸಿದ ದೋಷವನ್ನು ಅವರ ಮೇಲೆ ಹೊರಿಸುವ ಮೊದಲು ಬೆಲ್ಟು, ರಬ್ಬರು, ಮೊನೆ, ಮೇಣ ಇಷ್ಟನ್ನೂ ದಾಟಿ ಬರಬೇಕಾಗುತ್ತದೆ. ಜೀವಂತವಾಗಿರುವವರ ಮಾತು ಇನ್ನೊಬ್ಬರ ಬಾಯಿಂದ ನಮ್ಮನ್ನು ತಲುಪುವಾಗಲೂ ಅಷ್ಟೇ, ಸಹೋದರಿಯರೇ. ತಪ್ಪು ಆಡಿದವರದೋ, ತಲುಪಿಸಿದವರದೋ ಎಂದು ನೋಡಿಯೇ ಮಾತಾಡಬೇಕು. ಮುಂದಿನ ಬಾರಿ ಆ ಧ್ವನಿಮುದ್ರಣ ನಿಮ್ಮ ಮೊಬೈಲಿಗೆ ಬಂದರೆ ಇಸವಿಯನ್ನು ತಿದ್ದಿ, ಆ ಖಾರಿಗಾಗಿ ಒಂದು ದುಆ ಮಾಡಿ, ಆಮೇಲೆ ಮುಂದಕ್ಕೆ ಕಳುಹಿಸಿ.