ಮೂಲೆಯ ಪೀಸ್ ಒಡೆದ್ರೆ ಇಡೀ ಬಂಪರ್ ಬದಲಾಯಿಸ್ಬೇಕಾ?

(ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಈ ವಾರದ ವಿಷಯ ನಾನು ಹುಡುಕಿಕೊಂಡು ಹೋಗಿದ್ದಲ್ಲ, ಅದೇ ಬಂದು ನನಗೆ ಗುದ್ದಿದ್ದು. ಸರಿಯಾಗಿ ಹೇಳ್ಬೇಕು ಅಂದ್ರೆ ನಾನೇ ಹೋಗಿ ಗುದ್ದಿದ್ದು.

ಭಾವನ ಕಾರು. ಎಂಟು ವರ್ಷ ಹಳೇ ಹ್ಯಾಚ್‌ಬ್ಯಾಕ್. ಮನೆ ಸಾಮಾನು ಸಾಗಿಸೋಕೆ ಅಂತ ನಂಜನಗೂಡಿನಿಂದ ಎರಡು ದಿನಕ್ಕೆ ಇಸ್ಕೊಂಡು ಬಂದಿದ್ದೆ. ಶುಕ್ರವಾರ ಸಂಜೆ ನಮ್ಮ ಅಶೋಕಪುರಂನ ಒಂದು ಕ್ರಾಸ್‌ನಲ್ಲಿ ಎದುರಿಗೆ ಆಟೋ ಬಂತು. ಜಾಗ ಬಿಡೋಣ ಅಂತ ಎಡಕ್ಕೆ ತಗೊಂಡೆ. ಅಲ್ಲಿ ಚರಂಡಿ ಮೇಲೆ ಹಾಕಿದ ಕಲ್ಲು ಚಪ್ಪಡಿ, ಒಂದು ಗೇಣು ಎತ್ತರಕ್ಕೆ. ಕರ್ರ್ ಅಂತ ಒಂದು ಸದ್ದು. ಇಳಿದು ನೋಡಿದ್ರೆ ಮುಂದಿನ ಬಂಪರಿನ ಎಡ ಮೂಲೆಯಲ್ಲಿ ಫಾಗ್ ಲ್ಯಾಂಪ್ ಸುತ್ತ ಇರೋ ಕಪ್ಪು ಪ್ಲಾಸ್ಟಿಕ್ ಕವರ್ ಎರಡು ತುಂಡಾಗಿ ನೇತಾಡ್ತಿತ್ತು. ಕಾರು ಭಾನುವಾರ ಸಂಜೆ ವಾಪಸ್ ಕೊಡ್ಬೇಕು. ಭಾವ ಒಳ್ಳೆಯವರು, ಬಯ್ಯಲ್ಲ. ಅದೇ ಕಷ್ಟ. ಬಯ್ಯದೇ ಸುಮ್ಮನೆ ಬಂಪರ್ ಕಡೆ ನೋಡ್ತಾರಲ್ಲ, ಅದನ್ನ ತಡ್ಕೊಳೋದು ಯಾರಿಗೆ ಆಗುತ್ತೆ?

ಶನಿವಾರ ಬೆಳಗ್ಗೆ ಮೊದಲು ಹೋಗಿದ್ದು ಒಂದು ದೊಡ್ಡ ಸರ್ವಿಸ್ ಸೆಂಟರ್‌ಗೆ. ಯಾವುದು ಅಂತ ಬೇಡ ಬಿಡಿ. ಟ್ಯಾಬ್ ಹಿಡಿದುಕೊಂಡು ಬಂದವರು ಬಗ್ಗಿ ಕೂಡ ನೋಡಲಿಲ್ಲ, 'ಬಂಪರ್ ಅಸೆಂಬ್ಲಿ ಚೇಂಜ್, ಪೇಂಟು, ಲೇಬರ್, ಎಲ್ಲಾ ಸೇರಿ 8,400 ಆಗುತ್ತೆ ಸರ್, ಬುಧವಾರ ಸಿಗುತ್ತೆ, ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಮಾಡ್ಕೊಬಹುದು' ಅಂದರು. ನನ್ನ ಹತ್ತಿರ ಅಷ್ಟು ದುಡ್ಡೂ ಇರಲಿಲ್ಲ, ಬುಧವಾರದವರೆಗೆ ಟೈಮೂ ಇರಲಿಲ್ಲ.

ಅಲ್ಲಿಂದ ವಾಪಸ್ ಬಂದು ರೈಲ್ವೆ ವರ್ಕ್‌ಶಾಪ್ ಕಡೆ ಹೋಗೋ ರಸ್ತೆಯಲ್ಲಿರೋ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಅಣ್ಣನ ತಂದೆ ಅದೇ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು. ಅಣ್ಣ ನೆಲಕ್ಕೆ ಒಂದು ಗೋಣಿಚೀಲ ಹಾಸಿ ಮಲಗಿ, ಮೊಬೈಲ್ ಟಾರ್ಚ್ ಬಿಟ್ಟು ಬಂಪರ್ ಒಳಗೆ ನೋಡಿ, ಎದ್ದು ಕೈ ಒರೆಸ್ಕೊಂಡು ಹೇಳಿದ್ದು ಇಷ್ಟೇ: 'ಬಂಪರ್ ಚೆನ್ನಾಗೈತೆ ಕಣಪ್ಪ. ಹೋಗಿರೋದು ಮೇಲಿನ ಪೀಸು. ಅದೊಂದು ತಗೊಂಡ್ ಬಾ, ಇಬ್ರೂ ಸೇರಿ ಹಾಕೋಣ.'

ಈಗ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಬಂಪರ್ ಅಂದ್ರೆ ಏನು ಅಂತ ನನಗೂ ಅವತ್ತಿನವರೆಗೆ ಗೊತ್ತಿರಲಿಲ್ಲ.

ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ನೆನಪಿಸ್ಕೊಳ್ಳಿ. ಅವುಗಳ ಬಂಪರ್ ಹೊಳೆಯೋ ಕಬ್ಬಿಣದ ಪಟ್ಟಿ. ಈಗಿನ ಕಾರಲ್ಲಿ ನಾವು ಬಂಪರ್ ಅಂತ ಕರೆಯೋದು ಒಂದು ಹೊದಿಕೆ ಅಷ್ಟೇ, ಪಾಲಿಪ್ರೊಪಿಲಿನ್ ಅನ್ನೋ ಪ್ಲಾಸ್ಟಿಕ್ಕಿನದ್ದು. ಅದರ ಹಿಂದೆ ಎಷ್ಟೋ ಕಾರುಗಳಲ್ಲಿ ಪೆಟ್ಟು ಹೀರಿಕೊಳ್ಳೋ ಫೋಮ್ ಇರುತ್ತೆ, ಅದರ ಹಿಂದೆ ಉಕ್ಕಿನ ಅಡ್ಡಪಟ್ಟಿ. ನಿಜವಾಗಿ ಏಟು ತಿನ್ನೋದು ಆ ಪಟ್ಟಿ. ಹೊದಿಕೆ ಮೇಲೆ ಮತ್ತೆ ಸಣ್ಣ ಸಣ್ಣ ಪೀಸುಗಳು: ಕೆಳಗಿನ ಗ್ರಿಲ್, ಫಾಗ್ ಲ್ಯಾಂಪ್ ಕವರ್, ಕ್ರೋಮ್ ಪಟ್ಟಿ, ಕಾರು ಎಳೆಯೋ ಹುಕ್ ಹಾಕೋ ತೂತಿಗೆ ಒಂದು ಚೌಕ ಮುಚ್ಚಳ. ಈ ಮುಚ್ಚಳ ಇಲ್ಲದೇ ಓಡಾಡೋ ಕಾರು ಊರಲ್ಲಿ ಎಷ್ಟಿದೆ ಅಂತ ಒಮ್ಮೆ ಎಣಿಸಿ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಈ ಪೀಸುಗಳಿಗೆಲ್ಲ ಬೇರೆ ಬೇರೆ ಪಾರ್ಟ್ ನಂಬರ್ ಇದೆ, ಬಿಡಿಯಾಗಿ ಸಿಗುತ್ತೆ.

ಹಾಗಾದ್ರೆ ಯಾವಾಗ ಪೀಸ್ ಸಾಕು, ಯಾವಾಗ ಇಡೀ ಬಂಪರ್ ಬೇಕು? ಅಣ್ಣ ನೋಡಿದ್ದು ಒಂದೇ ಜಾಗ. ಟ್ರಿಮ್ ಪೀಸಿಗೆ ಹಿಂದೆ ಸಣ್ಣ ಕಿವಿಗಳು ಇರ್ತವೆ, ಅವು ಬಂಪರಿನಲ್ಲಿರೋ ಕಿಂಡಿಗಳಲ್ಲಿ ಹೋಗಿ ಕಚ್ಕೋತವೆ. ಕಿವಿ ಮುರಿದಿದ್ರೆ ಚಿಂತೆ ಇಲ್ಲ, ಹೊಸ ಪೀಸಿನ ಜೊತೆ ಹೊಸ ಕಿವಿ ಬರುತ್ತೆ. ಕಿಂಡಿಯೇ ಹರಿದಿದ್ರೆ ಹೊಸ ಪೀಸಿಗೆ ಹಿಡ್ಕೊಳೋಕೆ ಜಾಗ ಇಲ್ಲ, ನಾಲ್ಕು ಹಂಪ್ ದಾಟೋದ್ರೊಳಗೆ ಉದುರುತ್ತೆ. ಆಗ ಪ್ಲಾಸ್ಟಿಕ್ ವೆಲ್ಡಿಂಗ್ ಅಥವಾ ಹೊಸ ಬಂಪರ್. ಫೆವಿಕ್ವಿಕ್ ಹಾಕಿ ಅಂಟಿಸ್ತೀನಿ ಅಂತ ಯಾರೂ ಹೋಗ್ಬೇಡಿ. ಪಾಲಿಪ್ರೊಪಿಲಿನ್ ಮೇಲೆ ಸಾಮಾನ್ಯ ಅಂಟು ಹಿಡಿಯಲ್ಲ, ಒಣಗಿದ ಮೇಲೆ ಸಿಪ್ಪೆ ಥರ ಎದ್ದು ಬರುತ್ತೆ.

ಇನ್ನೂ ಒಂದು ನೋಡ್ಬೇಕು. ಪೆಟ್ಟು ಜೋರಾಗಿದ್ರೆ ಹೊದಿಕೆ ಸುಮ್ಮನೆ ಮೊದಲಿನ ಆಕಾರಕ್ಕೆ ಬಂದುಬಿಡುತ್ತೆ, ಹಿಂದಿನ ಪಟ್ಟಿ ಮಾತ್ರ ಬಗ್ಗಿರುತ್ತೆ. ಬಾನೆಟ್ ಮತ್ತೆ ಹೆಡ್‌ಲೈಟ್ ಮಧ್ಯದ ಸಂದು ಎರಡೂ ಕಡೆ ಒಂದೇ ಸಮ ಇದೆಯಾ, ಕೆಳಗೆ ಏನಾದ್ರೂ ಸೋರ್ತಿದೆಯಾ ನೋಡಿ. ಸಂದು ಹೆಚ್ಚು ಕಡಿಮೆ ಆಗಿದ್ರೆ ಅದು ಗೋಣಿಚೀಲದ ಮೇಲೆ ಮುಗಿಯೋ ಕೆಲಸ ಅಲ್ಲ. ಮುಂಭಾಗದಲ್ಲಿ ರೇಡಾರ್ ಇರೋ ಹೊಸ ಕಾರಾದ್ರೆ ಕೈ ಹಾಕ್ಬೇಡಿ, ಅದನ್ನ ಬಿಚ್ಚಿ ಹಾಕಿದ ಮೇಲೆ ಮತ್ತೆ ಅಳತೆಗೆ ಹೊಂದಿಸಬೇಕಾಗುತ್ತೆ.

ಈಗ ಇನ್ಶೂರೆನ್ಸ್ ವಿಷಯ. 'ಕ್ಲೇಮ್ ಮಾಡ್ಕೊಳ್ಳಿ' ಅಂತ ಹೇಳೋದು ಸುಲಭ. ಭಾವ ಐದು ವರ್ಷದಿಂದ ಒಂದೂ ಕ್ಲೇಮ್ ಮಾಡಿಲ್ಲ. ಹಾಗೆ ಮಾಡದೇ ಇದ್ರೆ ರಿನ್ಯೂವಲ್‌ನಲ್ಲಿ ಸಿಗೋ ರಿಯಾಯಿತಿಗೆ ನೋ ಕ್ಲೇಮ್ ಬೋನಸ್ ಅಂತಾರೆ. ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ ಶೇ 50. ಇದು ಥರ್ಡ್ ಪಾರ್ಟಿ ಭಾಗಕ್ಕಲ್ಲ, ನಮ್ಮ ಗಾಡಿಯ ಹಾನಿಗೆ ಕಟ್ಟೋ ಪ್ರೀಮಿಯಂಗೆ ಮಾತ್ರ. ಒಂದು ಕ್ಲೇಮ್ ಮಾಡಿದ್ರೆ, ಬೋನಸ್ ಉಳಿಸೋ ಆಡ್-ಆನ್ ಇಲ್ಲದೇ ಇದ್ರೆ, ಇದೆಲ್ಲ ಸೊನ್ನೆಗೆ ಬರುತ್ತೆ, ಮತ್ತೆ 20ರಿಂದ ಶುರು.

ಲೆಕ್ಕ ಹಾಕೋಣ. ಆ ಭಾಗದ ಪ್ರೀಮಿಯಂ 6,000 ರೂಪಾಯಿ ಅಂತಿಟ್ಕೊಳ್ಳಿ. ಶೇ 50 ಅಂದ್ರೆ 3,000 ಉಳಿತಾಯ, ಅದು ಮುಂದಿನ ವರ್ಷ ಹೋಯ್ತು. ಅದರ ಮುಂದಿನ ವರ್ಷ ಸಿಗೋದು ಶೇ 20 ಮಾತ್ರ, ಅಲ್ಲೂ 1,800 ನಷ್ಟ. ಇದರ ಮೇಲೆ ಪ್ರತಿ ಕ್ಲೇಮ್‌ಗೂ ನಮ್ಮ ಜೇಬಿನಿಂದ ಕಡ್ಡಾಯವಾಗಿ ಒಂದು ಮೊತ್ತ ಹೋಗುತ್ತೆ, 1,500 ಸಿಸಿವರೆಗಿನ ಖಾಸಗಿ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000 ಅಂತ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಬಿಡಿಭಾಗಗಳಿಗೆ ಸವಕಳಿ ಅಂತ ಅರ್ಧ ಬೆಲೆ ಕಳೀತಾರೆ. ಝೀರೋ ಡೆಪ್ ತಗೊಂಡಿದ್ರೆ ಆ ಕಳೆ ಇಲ್ಲ, ಆದ್ರೆ ಎಂಟು ವರ್ಷದ ಕಾರಿಗೆ ಅದು ಸಿಗೋದು ಕಷ್ಟ. ಅಂದ್ರೆ ನಾನು ಮಾಡಿದ ತಪ್ಪಿಗೆ ಭಾವನ ಐದು ವರ್ಷದ ಬೋನಸ್ ಕರಗಿಹೋಗ್ತಿತ್ತು. ಅವರಿಗೆ ಗೊತ್ತಾಗೋದು ಮುಂದಿನ ರಿನ್ಯೂವಲ್ ಮೆಸೇಜ್ ಬಂದಾಗ. ಬೇರೆಯವರ ಕಾರಿಗೆ ಅವರನ್ನ ಕೇಳದೇ ಕ್ಲೇಮ್ ಹಾಕೋ ಯೋಚನೆ ನನಗೆ ಒಂದು ಕ್ಷಣ ಬಂದಿದ್ದು ಸುಳ್ಳಲ್ಲ. ಹಾಗಾಗೇ ಇಷ್ಟು ಹೇಳ್ತಿದ್ದೀನಿ.

ಸರಿ, ಪೀಸ್ ತರೋಕೆ ಹೋದೆ. ಇಲ್ಲೇ ಬಹಳ ಜನ ಎಡವೋದು. ಅಂಗಡಿಯವರು ಕೇಳ್ತಾರೆ, ಎಲ್‌ಎಚ್ಚಾ ಆರ್‌ಎಚ್ಚಾ? ಎಡ ಬಲ ಅನ್ನೋದು ಕಾರಿನೊಳಗೆ ಕೂತವನ ಲೆಕ್ಕ. ನಾವು ಕಾರಿನ ಎದುರು ನಿಂತು ಫೋಟೋ ತೆಗೆದು, ಫೋಟೋದಲ್ಲಿ ಬಲಗಡೆ ಕಾಣ್ತು ಅಂತ ಬಲದ್ದು ತರ್ತೀವಿ. ನಮ್ಮ ದೇಶದಲ್ಲಿ ಡ್ರೈವರ್ ಕಡೆ ಅಂದ್ರೆ ಆರ್‌ಎಚ್, ಪಕ್ಕದ ಸೀಟಿನ ಕಡೆ ಎಲ್‌ಎಚ್. ಅಷ್ಟು ನೆನಪಿಟ್ಕೊಂಡ್ರೆ ಸಾಕು. ಜೊತೆಗೆ ಆರ್‌ಸಿಯಲ್ಲಿರೋ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ತೋರಿಸಿ. ಒಂದೇ ಹೆಸರಿನ ಕಾರಿನಲ್ಲೂ ವರ್ಷ ಬದಲಾದ ಹಾಗೆ, ವೇರಿಯಂಟ್ ಬದಲಾದ ಹಾಗೆ ಪೀಸ್ ಬದಲಾಗುತ್ತೆ. ಫಾಗ್ ಲ್ಯಾಂಪ್ ಇರೋ ಮಾಡೆಲ್‌ಗೆ ತೂತಿರೋ ಕವರ್, ಇಲ್ಲದ್ದಕ್ಕೆ ಮುಚ್ಚಿದ ಕವರ್.

ಒರಿಜಿನಲ್ ಪೀಸಿನ ಪ್ಯಾಕೆಟ್ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ ಎರಡೂ ಇರುತ್ತೆ. ನನಗೆ ಸಿಕ್ಕಿದ್ದು 460 ರೂಪಾಯಿಗೆ. ಪಕ್ಕದಲ್ಲೇ ಲೋಕಲ್ ಮಾಲು 180ಕ್ಕೆ ಇತ್ತು. ನೋಡೋಕೆ ಒಂದೇ ಥರ. ಎರಡನ್ನೂ ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ ನೋಡಿದೆ, ಲೋಕಲ್ಲಿಂದು ಪಾಪಡ್ ಥರ ಗಡುಸು. ಇಂಥವು ಬಿಸಿಲಿಗೆ ಬೇಗ ಬೂದು ಬಣ್ಣಕ್ಕೂ ತಿರುಗ್ತವೆ. ದುಡ್ಡು ಉಳಿಸ್ಬೇಕು ಅಂದ್ರೆ ನನ್ನ ಓಟು ಗುಜರಿಯಲ್ಲಿ ಸಿಗೋ ಹಳೇ ಒರಿಜಿನಲ್‌ಗೆ. ಬೆಂಗಳೂರಿನವರಿಗೆ ಹೊಸದಕ್ಕೆ ಜೆಸಿ ರೋಡ್, ಹಳೇದಕ್ಕೆ ಶಿವಾಜಿನಗರ ಗೊತ್ತೇ ಇದೆ. ಬಣ್ಣ ಹೊಡೆಯೋ ಪೀಸಾದ್ರೆ ಖರ್ಚು ಬೇರೆ. ಈ ಪ್ಲಾಸ್ಟಿಕ್ಕಿಗೆ ಬಣ್ಣ ಕಚ್ಚೋಕೆ ಮೊದಲು ಅದಕ್ಕೇ ಇರೋ ಪ್ರೈಮರ್ ಹೊಡೀಬೇಕು, ಇಲ್ಲಾಂದ್ರೆ ಕಾರು ತೊಳೆಯೋವಾಗ ಹಾಳೆ ಹಾಳೆಯಾಗಿ ಏಳುತ್ತೆ. ನಮ್ಮದು ಕಪ್ಪು, ಹಾಗೇ ಹಾಕೋದು. ಕ್ಲಿಪ್ ಆರು ಹೆಚ್ಚಿಗೇ ತಂದೆ, ಹಳೇ ಕ್ಲಿಪ್ ಒಂದನ್ನ ಸ್ಯಾಂಪಲ್‌ಗೆ ಜೇಬಲ್ಲಿ ಇಟ್ಕೊಂಡು ಹೋಗಿ.

ಕೆಲಸಕ್ಕೆ ಕೂತಿದ್ದು ಮಧ್ಯಾಹ್ನ ಎರಡಕ್ಕೆ. ಬಿಸಿಲಲ್ಲೇ ಯಾಕೆ ಅಂದೆ. 'ಪ್ಲಾಸ್ಟಿಕ್ ಬಿಸಿ ಇದ್ರೆ ಮಾತು ಕೇಳ್ತದೆ, ತಣ್ಣಗಿದ್ರೆ ಮುರೀತದೆ' ಅಂದರು. ನೆರಳಲ್ಲಿ ಮಾಡೋದಾದ್ರೆ ಬಿಸಿ ನೀರು ಹುಯ್ದರೂ ಆಗುತ್ತಂತೆ.

ಮೊದಲು ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಹ್ಯಾಂಡ್‌ಬ್ರೇಕ್ ಹಾಕಿದ್ವಿ. ಎಡ ಚಕ್ರದ ಮುಂಭಾಗ ತಿರುಗಿ ಬಾವಿಯೊಳಗೆ ಕೈ ಹೋಗೋ ಜಾಗ ಆಯ್ತು. ಅಲ್ಲಿ ಕಪ್ಪು ಪ್ಲಾಸ್ಟಿಕ್ ಲೈನರ್ ಇದೆ, ಎರಡು ಸ್ಕ್ರೂ, ಮೂರು ಕ್ಲಿಪ್. ಕ್ಲಿಪ್‌ನಲ್ಲಿ ಎರಡು ಜಾತಿ. ಒಂದರಲ್ಲಿ ನಡುವಿನ ಗುಂಡಿಯನ್ನ ಚೂರು ಒಳಗೆ ಒತ್ತಿದ್ರೆ ಸಡಿಲ ಆಗುತ್ತೆ, ಇನ್ನೊಂದರಲ್ಲಿ ಅದನ್ನ ಮೀಟಿ ಹೊರಗೆ ಎತ್ತಬೇಕು. ಗೊತ್ತಿಲ್ಲದೆ ಎಳೆದು ನಾನು ಮೊದಲನೇದನ್ನೇ ಮುರಿದೆ. ಹೆಚ್ಚಿಗೆ ತಂದಿದ್ದು ಅಲ್ಲೇ ಉಪಯೋಗಕ್ಕೆ ಬಂತು. ಬಿಚ್ಚೋ ಮುಂಚೆ ಪ್ರತಿಯೊಂದಕ್ಕೂ ಒಂದು ಫೋಟೋ ತೆಗೀರಿ, ಸ್ಕ್ರೂಗಳನ್ನ ಒಂದು ಡಬ್ಬಿ ಮುಚ್ಚಳದಲ್ಲಿ ಹಾಕಿ.

ಲೈನರ್ ಸರಿಸಿದ್ರೆ ಫಾಗ್ ಲ್ಯಾಂಪಿನ ಬೆನ್ನು ಕಾಣುತ್ತೆ. ಕನೆಕ್ಟರ್ ಬಿಚ್ಚೋವಾಗ ವೈರ್ ಹಿಡಿದು ಎಳೀಬಾರದು. ಮೇಲಿರೋ ನಾಲಿಗೆ ಒತ್ತಿ, ಪ್ಲಗ್ ಹಿಡಿದು ಎಳೀಬೇಕು. ಆಮೇಲೆ ಒಳಗಿನಿಂದ ಕಿವಿಗಳನ್ನ ಒಂದೊಂದಾಗಿ ಒತ್ತುತ್ತಾ ಹೋದ್ರೆ ಹಳೇ ಕವರ್ ಮುಂದಕ್ಕೆ ಬರುತ್ತೆ. ಎಲ್ಲ ಕಾರಿನಲ್ಲೂ ಇದೇ ದಾರಿ ಅಲ್ಲ, ಕೆಲವದರಲ್ಲಿ ಮುಂದಿನಿಂದಲೇ ಮೀಟಿದ್ರೆ ಬರುತ್ತೆ, ಕೆಲವದರಲ್ಲಿ ಬಂಪರನ್ನೇ ಇಳಿಸ್ಬೇಕು. ಮೀಟೋದಾದ್ರೆ ಬಣ್ಣದ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಮೀಟಿ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದ್ರೆ 460ರ ಕೆಲಸಕ್ಕೆ ನಾಲ್ಕು ಸಾವಿರದ ಪೇಂಟು.

ಕಿಂಡಿಗಳಲ್ಲಿ ಮುರಿದ ಕಿವಿಯ ಚೂರು ಸಿಕ್ಕಿಹಾಕ್ಕೊಂಡಿತ್ತು, ಮಣ್ಣೂ ತುಂಬಿತ್ತು. ಅದನ್ನ ತೆಗೆದು ಒರೆಸಿ ಹೊಸ ಪೀಸ್ ಇಟ್ಟು ಅಂಗೈಯಲ್ಲಿ ಒತ್ತಿದಾಗ ಟಕ್, ಟಕ್, ಟಕ್. ನಾಲ್ಕನೇ ಟಕ್ ಬರಲಿಲ್ಲ. ನಾನು ಗುದ್ದೋಕೆ ಹೋದೆ, ಅಣ್ಣ ಕೈ ಹಿಡಿದರು. ತೆಗೆದು ನೋಡಿದ್ರೆ ಚೂರು ಇನ್ನೂ ಒಂದು ಒಳಗಿತ್ತು. ಗುದ್ದಿದ್ದರೆ ಹೊಸ ಕಿವಿಯೂ ಹೋಗ್ತಿತ್ತು. ಸ್ಕ್ರೂ ವಾಪಸ್ ಹಾಕೋವಾಗ ಅವರು ಮೊದಲು ಉಲ್ಟಾ ತಿರುಗಿಸಿದ್ರು, ಸಣ್ಣಗೆ ಕಟ್ ಅಂದಮೇಲೆ ಸುಲ್ಟಾ. ಹಳೇ ಮರೆಯಲ್ಲೇ ಕೂರಲಿ ಅಂತ. ಪ್ಲಾಸ್ಟಿಕ್ಕಿಗೆ ಹೊಸ ಮರೆ ಕೊರೆದ್ರೆ ಎರಡನೇ ಸಲಕ್ಕೆ ಹಿಡಿಯಲ್ಲ.

ಕೊನೆಗೆ ಫಾಗ್ ಲ್ಯಾಂಪ್ ಹಾಕಿ ನೋಡಿದ್ವಿ, ಉರೀತು. ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ ಲೈನರ್ ಟೈರಿಗೆ ತಾಗ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡ್ವಿ. ಇದನ್ನ ದಯವಿಟ್ಟು ಬಿಡ್ಬೇಡಿ. ಟ್ರಿಮ್ ನೇತಾಡಿದ್ರೆ ನೋಡೋಕೆ ಅಸಹ್ಯ ಅಷ್ಟೇ, ಸಡಿಲ ಆದ ಲೈನರ್ ಹೈವೇ ಸ್ಪೀಡಲ್ಲಿ ಟೈರಿಗೆ ಉಜ್ಜಿದ್ರೆ ಅಪಾಯ. ತಕ್ಷಣ ರಿಪೇರಿ ಆಗದಿದ್ರೆ ಕೇಬಲ್ ಟೈ ಹಾಕಿ ಬಿಗಿದು ಓಡಿಸಿ, ನಾಚಿಕೆ ಪಡ್ಬೇಡಿ.

ಅಲ್ಲಿ ನಿಂತಿದ್ದ ಒಬ್ಬರು, 'ಮುಂದೆ ಒಂದು ಕ್ರ್ಯಾಶ್ ಗಾರ್ಡ್ ಹಾಕಿಸಿಬಿಡಿ, ಈ ತಲೆನೋವೇ ಇರಲ್ಲ' ಅಂದರು. ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ಅದನ್ನ ಕಾನೂನುಬಾಹಿರ ಅಂತ ರಾಜ್ಯಗಳಿಗೆ ಬರೆದಿದೆ. ನಡೆದು ಹೋಗೋರಿಗೆ ತಗುಲಿದ್ರೆ ಪ್ಲಾಸ್ಟಿಕ್ ಬಗ್ಗುತ್ತೆ, ಕಬ್ಬಿಣ ಬಗ್ಗಲ್ಲ. ಪೆಟ್ಟಿನ ದಾರಿ ಬದಲಾಗಿ ಏರ್‌ಬ್ಯಾಗ್ ಸೆನ್ಸರ್‌ಗೂ ಗೊಂದಲ ಆಗಬಹುದು. ಇನ್ನೊಂದು, ಇಡೀ ಬಂಪರ್ ಬದಲಾಯಿಸೋರು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬಗ್ಗೆ ಮೊದಲೇ ವಿಚಾರಿಸ್ಕೊಳ್ಳಿ, ಅದರ ಲಾಕ್ ಒಮ್ಮೆ ಕಿತ್ತರೆ ಮತ್ತೆ ಹಾಕೋಕೆ ಬರಲ್ಲ.

ಖರ್ಚು: ಪೀಸ್ 460, ಕ್ಲಿಪ್ 60, ಅಣ್ಣನಿಗೆ 200. ಅವರು ನೂರು ಸಾಕು ಅಂದರು, ನಾನೇ ಇನ್ನೂರು ಕೊಟ್ಟೆ. ಒಟ್ಟು 720 ರೂಪಾಯಿ, ಒಂದೂಕಾಲು ಗಂಟೆ.

ಭಾನುವಾರ ನಂಜನಗೂಡಿಗೆ ಹೋಗಿ ಕೀ ಕೊಟ್ಟೆ. ಮುಚ್ಚಿಡೋದು ಬೇಡ ಅಂತ ಮೊದಲೇ ನಡೆದಿದ್ದನ್ನೆಲ್ಲ ಹೇಳಿದೆ. ಭಾವ ಬಗ್ಗಿ ಎಡ ಮೂಲೆ ನೋಡಿದ್ರು, ಎದ್ದು ಹೋಗಿ ಬಲ ಮೂಲೆನೂ ನೋಡಿದ್ರು. 'ಎಡಗಡೆದು ಹೊಸದಾಗಿ ಹೊಳೀತಿದೆ ಕಣೋ, ಈ ಕಡೆದು ಮಂಕಾಗಿದೆ. ಇದನ್ನೂ ಒಂದು ತಂದು ಹಾಕಿಬಿಡು' ಅಂದರು. ಸಂಜೆ ಟ್ರೈನ್ ಹತ್ತಿ ಅಶೋಕಪುರಂ ಸ್ಟೇಷನ್‌ನಲ್ಲಿ ಇಳ್ಕೊಂಡೆ. ಆರ್‌ಎಚ್ ಪೀಸ್ ಆರ್ಡರ್ ಹಾಕಿದ್ದೀನಿ, ಗುರುವಾರ ಬರುತ್ತಂತೆ.

ನಿಮ್ಮ ಕಾರಿನದ್ದೂ ಇಂಥ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.