ಮಾಗಿದ ಗಾಯ ಮತ್ತೆ ಬಾಯಿ ಬಿಟ್ಟದ್ದೇಕೆ?

1740ರಲ್ಲಿ ಇಂಗ್ಲೆಂಡಿನಿಂದ ಹೊರಟ ಜಾರ್ಜ್ ಆನ್ಸನ್‌ನ ನೌಕಾಪಡೆಯಲ್ಲಿ ಒಬ್ಬ ಮುದುಕನಿದ್ದ. 1690ರ ಬಾಯ್ನ್ ಯುದ್ಧದಲ್ಲಿ ಅವನಿಗಾದ ಗಾಯಗಳು ಮಾಗಿ ಐವತ್ತು ವರ್ಷ ಕಳೆದಿತ್ತು. ನಡುಗಡಲಿನಲ್ಲಿ ಅವು ಮತ್ತೆ ಬಾಯಿ ಬಿಟ್ಟವು ಎಂದು ಆ ಯಾನದ ವೃತ್ತಾಂತ ಹೇಳುತ್ತದೆ.

ಕಾರಣ ಸ್ಕರ್ವಿ. ತಿಂಗಳುಗಟ್ಟಲೆ ಹಣ್ಣು, ತರಕಾರಿ ಕಾಣದ ನಾವಿಕರ ವಸಡು ಊದಿ ರಕ್ತ ಒಸರುತ್ತಿತ್ತು, ಹಲ್ಲು ಅಲುಗಾಡುತ್ತಿತ್ತು.

ಚರ್ಮ, ಮೂಳೆ, ವಸಡು, ಗಾಯದ ಕಲೆ ಎಲ್ಲವನ್ನೂ ಹಿಡಿದಿಡುವುದು ಕೊಲಾಜೆನ್ ಎಂಬ ಪ್ರೋಟೀನು. ಇದು ಮೂರೆಳೆಯ ಹುರಿ. ಒಂದೊಂದು ಎಳೆಯಲ್ಲಿ ಸುಮಾರು ಸಾವಿರ ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ಈ ಪೋಣಿಕೆಯ ಬಂಧ ಗಟ್ಟಿ, ನೀರಿನಲ್ಲಿ ಕುದಿಸಿದರೂ ಸುಲಭಕ್ಕೆ ಬಿಡದು. ಆದರೆ ಎಳೆಯನ್ನು ಎಳೆಗೆ ಹಿಡಿದಿಟ್ಟಿರುವುದು ಜಲಜನಕ ಬಂಧಗಳು. ಬಿಡಿಬಿಡಿಯಾಗಿ ನೋಡಿದರೆ ಇವು ಬಲು ದುರ್ಬಲ. ನೂರಾರು ಸೇರಿದಾಗಲೇ ಹುರಿಗೆ ಬಲ. ಎಳೆಗಳು ಅಷ್ಟು ಹತ್ತಿರ ಬರಬೇಕಾದರೆ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸಿನ್ ಇರಲೇಬೇಕು, ದೊಡ್ಡದಕ್ಕೆ ಅಲ್ಲಿ ಜಾಗವಿಲ್ಲ. ಈ ಮೂರೆಳೆಯ ಗುಟ್ಟನ್ನು 1954ರಲ್ಲಿ ಮದರಾಸಿನಲ್ಲಿ ಬಿಡಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದವರೂ ಇದೇ ರಾಮಚಂದ್ರನ್.

ಇಲ್ಲಿ ನಿಂಬೆಹಣ್ಣಿಗೇನು ಕೆಲಸ? ಎಳೆಯಲ್ಲಿ ಪ್ರೋಲಿನ್ ಎಂಬ ಇನ್ನೊಂದು ಅಮೈನೋ ಆಮ್ಲವಿದೆ. ಕಿಣ್ವವೊಂದು ಅದಕ್ಕೆ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸುತ್ತದೆ. ಇಷ್ಟಾದರೆ ಹುರಿ ಬಿಗಿಯಾಗಿ ನಿಲ್ಲುತ್ತದೆ. ಆ ಕಿಣ್ವದೊಳಗಿನ ಕಬ್ಬಿಣವನ್ನು ಕೆಲಸಕ್ಕೆ ಯೋಗ್ಯವಾಗಿ ಇಡುವುದೇ ಸಿ ಜೀವಸತ್ವ. ಅದಿಲ್ಲದೆ ತಯಾರಾದ ಹುರಿ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈಯ ಬಿಸಿಯೋ 37 ಡಿಗ್ರಿ!

ಹಳೆಯ ಕಲೆಯೂ ಸುಮ್ಮನೆ ಕುಳಿತಿರುವುದಿಲ್ಲ. ಅದರಲ್ಲಿನ ಕೊಲಾಜೆನ್ ಕರಗುತ್ತ, ಹೊಸದು ಸೇರುತ್ತ ಇರುತ್ತದೆ. ಸ್ಕರ್ವಿಯಲ್ಲಿ ಕರಗುವುದು ನಿಲ್ಲದು, ಕಟ್ಟುವ ಕೆಲಸ ಮಾತ್ರ ಕೆಡುತ್ತದೆ. ಆ ಮುದುಕನಿಗೆ ಆದದ್ದು ಅದೇ.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳಿಗೆ ಇಬ್ಬಿಬ್ಬರಂತೆ ಬೇರೆ ಬೇರೆ ಉಪಚಾರ ಮಾಡಿ ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕಡ್ಡಾಯ ಮಾಡಿದ್ದು 1795ರಲ್ಲಿ. ಅಷ್ಟರಲ್ಲಿ ಎಷ್ಟು ಜನ ಸತ್ತರೋ!

ಬೆಕ್ಕು, ನಾಯಿ, ಹಸುಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳುತ್ತವೆ. ನಮಗೆ ಆ ಶಕ್ತಿಯಿಲ್ಲ; ನೆಲ್ಲಿಕಾಯಿ, ಸೀಬೆ, ನಿಂಬೆಗಳೇ ಗತಿ. ಕುದಿಸಿದರೆ ಅದು ಬಹಳಷ್ಟು ನಷ್ಟವಾಗುತ್ತದೆ. ಚಿತ್ರಾನ್ನಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುವುದು ರುಚಿಗಾಗಿ ಬಂದ ರೂಢಿಯೇ ಇರಬಹುದು, ಜೀವಸತ್ವವೂ ಅದರಿಂದ ಉಳಿಯುತ್ತದೆ.